ಮಳೆಗಾಲವೇ ನಿನ್ನ ಸೆಮಿಸ್ಟರು

ಪ್ರಶ್ನೆ: ಅಕ್ಕೋರೇ, ನನಗೆ 24 ವರ್ಷ. ಅಂಕೋಲೆ ಹತ್ತಿರದ ಹಳ್ಳಿಯವನು. ಪಿಯುಸಿ ಆದಮೇಲೆ ಬಿಎ ಸೇರಿ ಎರಡನೇ ವರ್ಷಕ್ಕೆ ಬಿಟ್ಟೆ. ನಾಲ್ಕು ವರ್ಷದಿಂದ ಗೋಕರ್ಣದ ಒಂದು ರೆಸಾರ್ಟಿನಲ್ಲಿದ್ದೇನೆ. ಮೊದಲು ಹೌಸ್‌ಕೀಪಿಂಗ್, ಈಗ ಒಂದೂವರೆ ವರ್ಷದಿಂದ ಫ್ರಂಟ್ ಆಫೀಸ್, ಅಂದರೆ ರಿಸೆಪ್ಶನ್ ಕೌಂಟರ್. ಸಂಬಳ 17 ಸಾವಿರ, ಊಟ-ವಸತಿ ಅವರದೇ. ಕಳೆದ ದೀಪಾವಳಿ ಹೊತ್ತಿಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗನೊಬ್ಬ ಬಂದ. ಕೆಲಸವೆಲ್ಲ ನಾನೇ ತೋರಿಸಿಕೊಟ್ಟೆ. ಈಗ ಅವನೇ ನನ್ನ ಸೂಪರ್‌ವೈಸರ್. ನಾನೂ ಓದಬೇಕಾ? ಬೆಂಗಳೂರಿನ ಖಾಸಗಿ ಕಾಲೇಜೊಂದು ಮೂರು ವರ್ಷಕ್ಕೆ ನಾಲ್ಕು ಲಕ್ಷ ಹೇಳುತ್ತಿದೆ. ಗೋವಾದ ಏಜೆಂಟೊಬ್ಬ ಕ್ರೂಸ್ ಹಡಗಿನಲ್ಲಿ ಕೆಲಸ ಕೊಡಿಸಲು 1 ಲಕ್ಷ 80 ಸಾವಿರ ಕೇಳಿದ್ದಾನೆ, ತಿಂಗಳೊಳಗೆ 40 ಸಾವಿರ ಮುಂಗಡ ಕೊಡಬೇಕಂತೆ. ಆಯಿ ಮಾತ್ರ "ಎಲ್ಲೂ ಹೋಗೋದು ಬೇಡ, ಮನೆ ಹಿಂದಿನ ಎರಡು ಕೋಣೆ ಸರಿಮಾಡಿ ಹೋಮ್‌ಸ್ಟೇ ಮಾಡು" ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ತಮಾ, ಮೊದಲು ಹಡಗಿನ ಸುದ್ದಿ ಮುಗಿಸುವ. ಉಳಿದ ಯಾವುದಕ್ಕೂ ಅವಸರವಿಲ್ಲ, ಇದಕ್ಕೆ ಮಾತ್ರ ಗಡುವಿದೆ. ಆ 40 ಸಾವಿರ ಕೊಡಬೇಡ.

ಹಡಗಿನ ಕೆಲಸಕ್ಕೆ ಜನ ಕಳಿಸುವವರಿಗೆ ಕೇಂದ್ರ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು. ಆರ್‌ಪಿಎಸ್‌ಎಲ್ ಅನ್ನುತ್ತಾರೆ ಅದಕ್ಕೆ. ಯಾರ ಹತ್ತಿರ ಅದಿದೆ ಎಂಬ ಪಟ್ಟಿ ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತಿದೆ. ನಿನ್ನ ಏಜೆಂಟನಿಗೆ ಒಂದೇ ಒಂದು ಪ್ರಶ್ನೆ ಕೇಳು: "ನಿಮ್ಮ ಆರ್‌ಪಿಎಸ್‌ಎಲ್ ನಂಬರ್ ಎಷ್ಟು?" ಅವನು ಮಾತು ತಿರುಗಿಸಿದರೆ ಉತ್ತರ ಸಿಕ್ಕಿತು ಅಂದುಕೊ. ನಂಬರ್ ಕೊಟ್ಟರೂ ಸರಿ, ಕೆಲಸ ಕೊಡಿಸಿದ್ದಕ್ಕೆ ಅಂತ ಹುಡುಗರಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಕಡಲ ಕೆಲಸಗಾರರ ಕುರಿತ 2006ರ ಅಂತರರಾಷ್ಟ್ರೀಯ ಒಪ್ಪಂದದಲ್ಲೂ ಇದೇ ಇದೆ, ನಮ್ಮ ದೇಶದ ನಿಯಮದಲ್ಲೂ ಇದೇ ಇದೆ. ಪಾಸ್‌ಪೋರ್ಟು, ಹಡಗಿನ ಕೆಲಸಗಾರನ ಗುರುತಿನ ಸಿಡಿಸಿ ಪುಸ್ತಕ, ವೈದ್ಯಕೀಯ ತಪಾಸಣೆ, ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಕಲಿಸುವ ಎಸ್‌ಟಿಸಿಡಬ್ಲ್ಯೂ ತರಬೇತಿ, ಇವುಗಳ ಖರ್ಚು ನಿನ್ನ ಮೇಲೆ ಬರಬಹುದು. ಅದನ್ನು ಆಯಾ ಕಚೇರಿಗೆ, ತರಬೇತಿ ಕೇಂದ್ರಕ್ಕೆ ನೀನೇ ರಸೀದಿ ಪಡೆದು ಕಟ್ಟುವುದು. ಮಧ್ಯದವನ ಕೈಗೆ ಒಟ್ಟಾಗಿ ಲಕ್ಷ ಎಣಿಸುವ ಮಾತೇ ಇಲ್ಲ.

ನಾನು ಹಡಗಿಗೆ ವಿರೋಧಿ ಅಂತ ತಿಳಿಯಬೇಡ. ನನ್ನ ಹತ್ತಿರ ಕಲಿತ ಹುಡುಗರು ಹೋಗಿ ಮನೆ ಕಟ್ಟಿಸಿದ್ದಾರೆ. ಆದರೆ ಅಲ್ಲಿಯ ದಿನಚರಿ ತಿಳಿದುಕೊಂಡು ಹೋಗಬೇಕು. ಆರರಿಂದ ಒಂಬತ್ತು ತಿಂಗಳ ಕರಾರು, ಅಷ್ಟೂ ದಿನ ವಾರದ ರಜೆ ಎಂಬುದು ಇಲ್ಲವೆಂದೇ ಹೇಳಬೇಕು. ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಿ ದುಡಿಸಬಾರದು ಅಂತ ಅದೇ ಒಪ್ಪಂದ ಹೇಳುತ್ತದೆ. ಮಿತಿಯೇ ಅಷ್ಟು ಎತ್ತರದಲ್ಲಿದೆ ಅಂದಮೇಲೆ ಕೆಲಸ ಎಂಥದ್ದಿರಬಹುದು, ನೋಡಿಕೊ. ಈಗ ಹೋದರೆ ಪಾತ್ರೆ ತೊಳೆಯುವಲ್ಲಿಂದಲೋ ಕ್ಯಾಬಿನ್ ಗುಡಿಸುವಲ್ಲಿಂದಲೋ ಶುರು. ಎರಡು-ಮೂರು ವರ್ಷ ತಡೆದು ಕೈಯಲ್ಲಿ ಕಾಗದ, ನಾಲಿಗೆಯಲ್ಲಿ ಇಂಗ್ಲಿಷ್ ಇಟ್ಟುಕೊಂಡು ಹೋದರೆ ಮೇಲಿನ ಮೆಟ್ಟಿಲು ಸಿಗುವ ಸಾಧ್ಯತೆ ಇದೆ. ದುಬೈ, ಮಸ್ಕತ್ ಕಡೆಯ ಹೋಟೆಲಿಗೂ ಇದೇ ಎಚ್ಚರ. ಅಲ್ಲಿಗೆ ಕಳಿಸುವ ಏಜೆಂಟು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿಸಿರಬೇಕು, ಅವನು ಪಡೆಯಬಹುದಾದ ಶುಲ್ಕದ ಮಿತಿ 30 ಸಾವಿರ, ಜೊತೆಗೆ ಜಿಎಸ್‌ಟಿ.

ಇನ್ನು ನಿನ್ನ ನಿಜವಾದ ಸಂಕಟಕ್ಕೆ ಬರುವ. ಅದು ಹಡಗೂ ಅಲ್ಲ, ಹೋಮ್‌ಸ್ಟೇಯೂ ಅಲ್ಲ, ಆ ಹುಡುಗ.

ಬೇಜಾರು ಸಹಜ. ಕೆಲಸ ಕಲಿಸಿದವನೇ ಕಲಿತವನಿಗೆ "ಸರ್" ಅನ್ನಬೇಕಾದರೆ ಯಾರಿಗಾದರೂ ಹೊಟ್ಟೆಯಲ್ಲಿ ಕಸಿವಿಸಿ. ಆದರೆ ಅವನಿಗೆ ಗೊತ್ತಿರುವುದು ಏನು, ನಿನಗೆ ಗೊತ್ತಿಲ್ಲದ್ದು ಏನು ಅಂತ ಒಮ್ಮೆ ಕೂತು ನೋಡಿದ್ದೀಯಾ? ಹಾಸಿಗೆ ಹಾಕುವುದು ನಿನಗೇ ಚೆನ್ನಾಗಿ ಬರುತ್ತದೆ. ಕಡಲಿಗೆ ಹೋಗಿ ಬಂದವರ ಮೈಯಿಂದ ಉದುರಿದ ಮರಳು ಬಾತ್‌ರೂಮಿನ ಜಾಲರಿ ಕೆಳಗೆ ಗಟ್ಟಿಯಾಗಿ ಕೂತು, ಮೂರನೇ ದಿನ ನೀರು ನಿಲ್ಲುವುದು ನಿನಗೆ ಗೊತ್ತು, ಅವನ ಪುಸ್ತಕದಲ್ಲಿ ಇಲ್ಲ. ಉಪ್ಪುಗಾಳಿಗೆ ಬಾಗಿಲಿನ ಕೀಲು, ಎಸಿಯ ಹೊರಗಿನ ಪೆಟ್ಟಿಗೆ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತಲೂ ನಿನಗೆ ಗೊತ್ತು. ನಾನು ಕಂಡ ಒಂದು ಹೋಟೆಲಿನಲ್ಲಿ ಹೊರಗಿನಿಂದ ಬಂದ ಟ್ರೈನಿಯೊಬ್ಬ ಜುಲೈ ತಿಂಗಳಲ್ಲಿ ಮಕ್ಕಳಿದ್ದ ಸಂಸಾರಕ್ಕೆ "ಬೀಚ್ ಯಾವಾಗ ಬೇಕಾದರೂ ಓಪನ್" ಅಂದುಬಿಟ್ಟಿದ್ದ. ಅಡುಗೆಮನೆಯ ಹೆಂಗಸೊಬ್ಬಳು ಕೇಳಿಸಿಕೊಂಡು ಓಡಿ ಬಂದು ತಡೆದಳು. ಮಳೆಗಾಲದ ಸೆಳವು ಏನೆಂದು ಅವಳಿಗೆ ಗೊತ್ತಿತ್ತು. ಡಿಗ್ರಿ ಇದ್ದದ್ದು ಮಾತ್ರ ಆ ಟ್ರೈನಿಯ ಕೈಯಲ್ಲಿ.

ಆದರೂ ಮಾಲೀಕರು ಅವನನ್ನೇ ಮೇಲೆ ಕೂರಿಸಿದರು. ಯಾಕೆಂದರೆ ಅವರ ಭಾಷೆ ಅವನಿಗೆ ಬರುತ್ತದೆ. ಇಂಗ್ಲಿಷ್ ಬಗ್ಗೆ ಹೇಳುತ್ತಿಲ್ಲ, ಲೆಕ್ಕದ ಭಾಷೆ.

ಉದಾಹರಣೆಗೆ ಒಂದು 20 ರೂಮಿನ ರೆಸಾರ್ಟು ಇಟ್ಟುಕೊ. ತಿಂಗಳಿಗೆ 30 ದಿನ, ಅಂದರೆ ಮಾರಲು 600 ರೂಮು-ರಾತ್ರಿ ಇದೆ. ಮಾರಿದ್ದು 390, ಬಂದ ಬಾಡಿಗೆ 9,75,000. ರೂಮು ತುಂಬಿದ ಪ್ರಮಾಣ, ಅಂದರೆ ಆಕ್ಯುಪೆನ್ಸಿ, 65 ಪ್ರತಿಶತ. ಮಾರಿದ ರೂಮಿನ ಸರಾಸರಿ ದರ 2,500, ಇದಕ್ಕೆ ಎಡಿಆರ್ ಅನ್ನುತ್ತಾರೆ. ಬಂದ ಬಾಡಿಗೆಯನ್ನು ಮಾರದ ರೂಮೂ ಸೇರಿ ಅಷ್ಟೂ 600ಕ್ಕೆ ಹಂಚಿದರೆ 1,625, ಅದು ರೆವ್‌ಪಾರ್. ಮುಂದಿನ ತಿಂಗಳು ಯಾರೋ "ದರ ಇಳಿಸಿ, ರೂಮು ತುಂಬುತ್ತದೆ" ಅಂದರು. ದರ 2,000 ಮಾಡಿದರು. ನಿಜಕ್ಕೂ ತುಂಬಿತು, 480 ರೂಮು-ರಾತ್ರಿ ಹೋಯಿತು, ಆಕ್ಯುಪೆನ್ಸಿ 80. ಎಲ್ಲರಿಗೂ ಖುಷಿ. ಬಂದ ಬಾಡಿಗೆ ಎಷ್ಟು? 9,60,000. ಹದಿನೈದು ಸಾವಿರ ಕಡಿಮೆ! ಅದರ ಮೇಲೆ ನಿನ್ನಂಥವರು 90 ರೂಮು ಹೆಚ್ಚಿಗೆ ಗುಡಿಸಿದ್ದು, 90 ಸಲ ಚಾದರ-ಟವೆಲ್ ಹೆಚ್ಚಿಗೆ ಒಗೆದದ್ದು, 90 ರಾತ್ರಿಯ ಕರೆಂಟು. ಆ ಬುಕಿಂಗು ಆನ್‌ಲೈನ್ ಕಂಪನಿಗಳ ಮೂಲಕ ಬಂದಿದ್ದರೆ ಅವರ ಕಮಿಷನ್ ಬೇರೆ.

ರೂಮು ತುಂಬಿದ ತಿಂಗಳಿನಲ್ಲಿ ದುಡ್ಡು ಕಡಿಮೆ ಬಂದದ್ದು ಯಾಕೆ ಅಂತ ಬೆಳಗಿನ ಮೀಟಿಂಗಿನಲ್ಲಿ ಎರಡು ವಾಕ್ಯದಲ್ಲಿ ಹೇಳಬಲ್ಲವನಿಗೆ ಸೂಪರ್‌ವೈಸರ್ ಕುರ್ಚಿ ಸಿಗುತ್ತದೆ. ಆ ಹುಡುಗ ಮೂರು ವರ್ಷ ಓದಿದ್ದರಲ್ಲಿ ನಿನಗೆ ಈಗ ಬೇಕಾದದ್ದು ಹೆಚ್ಚೆಂದರೆ ಈ ಭಾಗ: ದರ, ಮುಂದಿನ ವಾರದ ಅಂದಾಜು, ಡ್ಯೂಟಿ ಪಟ್ಟಿ ಹಾಕುವುದು, ರಾತ್ರಿ ಕೂತು ಆ ದಿನದ ಲೆಕ್ಕ ಮುಗಿಸುವ ನೈಟ್ ಆಡಿಟ್, ಚಾದರ-ಟವೆಲಿನ ಅಂದರೆ ಲಿನನ್ ಲೆಕ್ಕ, ಒಂದು ದೂರಿಗೆ ನೆಟ್ಟಗೆ ಉತ್ತರ ಬರೆಯುವುದು. ಇದಕ್ಕೆ ನಾಲ್ಕು ಲಕ್ಷ ಬೇಡ.

ಹಾಗಂತ ಡಿಗ್ರಿ ದಂಡ ಅಂತ ನಾನು ಹೇಳಿದೆ ಅಂತ ಊರೆಲ್ಲ ಹೇಳಬೇಡ. ನಿನಗೆ 18 ಆಗಿದ್ದರೆ ನನ್ನ ಉತ್ತರವೇ ಬೇರೆ. ಈಗ ಪಿಯುಸಿ ಮುಗಿಸುತ್ತಿರುವ ತಂಗಿಯೋ ತಮ್ಮನೋ ಇದ್ದರೆ ಅವರಿಗೆ ಹೇಳು: ಎನ್‌ಸಿಎಚ್‌ಎಂ ಜೆಇಇ ಎಂಬ ಪ್ರವೇಶ ಪರೀಕ್ಷೆ ಇದೆ, ಅದರ ಮೂಲಕ ಐಎಚ್‌ಎಂ ಎಂಬ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ಹೋಗಬಹುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 1982ರಲ್ಲಿ ಕಟ್ಟಿದ ರಾಷ್ಟ್ರೀಯ ಮಂಡಳಿಯ ಕೆಳಗೆ ಇವು ನಡೆಯುತ್ತವೆ. ನಮಗೆ ಹತ್ತಿರದ್ದು ಬೆಂಗಳೂರು, ಇಲ್ಲವೇ ಗೋವಾದ ಪೊರ್ವೊರಿಮ್. ಕಾರವಾರದವರಿಗೆ ಪೊರ್ವೊರಿಮ್ ನೂರು ಕಿಲೋಮೀಟರಿನ ಆಸುಪಾಸು, ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಆದರೂ ನಮ್ಮವರ ಕಣ್ಣು ಬೆಂಗಳೂರಿನ ಕಡೆಗೇ. ಖರ್ಚು ಮಾಡುವ ಶಕ್ತಿ ಇದ್ದವರಿಗೆ ಮಣಿಪಾಲದಲ್ಲಿ 1986ರಿಂದ ಹೆಸರು ಮಾಡಿದ ಕಾಲೇಜೇ ಇದೆ. ಹತ್ತನೇ ತರಗತಿಗೇ ನಿಲ್ಲಿಸಿ ಅಡುಗೆಮನೆ ಸೇರಬೇಕೆನ್ನುವವರಿಗೆ ಐಎಚ್‌ಎಂಗಳಲ್ಲೇ ಅಡುಗೆ ಮತ್ತು ಬೇಕರಿ ಕಲಿಸುವ ಒಂದೂವರೆ ವರ್ಷದ ಕೋರ್ಸು ಉಂಟು. ದೊಡ್ಡ ದೊಡ್ಡ ಹೋಟೆಲ್ ಸರಪಳಿಗಳು ಮ್ಯಾನೇಜ್‌ಮೆಂಟ್ ಟ್ರೈನಿಗಳನ್ನು ಆರಿಸುವಾಗ ಪದವಿ ಇಲ್ಲದವನ ಅರ್ಜಿ ತೆರೆದೂ ನೋಡುವುದಿಲ್ಲ. ಅದು ಅನ್ಯಾಯ ಅನಿಸಬಹುದು, ಆದರೆ ಇರುವುದು ಹಾಗೆ.

ನೀನು ಹೇಳಿದ ಖಾಸಗಿ ಕಾಲೇಜಿನ ಹೆಸರು ನನಗೆ ಬೇಡ. ನೀನೇ ಎರಡು ವಿಷಯ ವಿಚಾರಿಸು. ಕೊನೆಗೆ ಸಿಗುವ ಸರ್ಟಿಫಿಕೇಟಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ? ಆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಈ ಕಾಲೇಜಿನ ಹೆಸರಿದೆಯೇ? "ಇಂಟರ್‌ನ್ಯಾಷನಲ್ ಅಡ್ವಾನ್ಸ್ಡ್ ಡಿಪ್ಲೊಮಾ" ಅಂತ ಚಿನ್ನದಕ್ಷರದಲ್ಲಿ ಅಚ್ಚಾದ ಕಾಗದಗಳನ್ನು ಸಂದರ್ಶನಕ್ಕೆ ಕೂತಾಗ ನಾನು ಬೇಕಾದಷ್ಟು ನೋಡಿದ್ದೇನೆ. ಪಾಪ, ಅಪ್ಪ ತೋಟ ಅಡ ಇಟ್ಟು ಓದಿಸಿರುತ್ತಾನೆ.

ನಿನಗೆ ಪದವಿ ಬೇಕೇ ಬೇಕು, ಆದರೆ ಕೆಲಸ ಬಿಟ್ಟು ಅಲ್ಲ. ಬಿಟ್ಟ ಬಿಎಯನ್ನೇ ಮುಗಿಸಲು ಬರುತ್ತದೆಯೋ ಅಂತ ಹಳೆಯ ಕಾಲೇಜಿನ ಆಫೀಸಿನಲ್ಲಿ ಮೊದಲು ಕೇಳು, ಓದಿದಷ್ಟು ನೀರಿಗೆ ಹೋಗಬಾರದು. ಬರದಿದ್ದರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಪ್ರವಾಸೋದ್ಯಮದ ಡಿಪ್ಲೊಮಾವೂ ಇದೆ, ಪದವಿಯೂ ಇದೆ. ಜನವರಿ, ಜುಲೈ ಎರಡು ಸಲ ಪ್ರವೇಶ. ಪದವಿ ಕೈಗೆ ಬಂದಮೇಲೆ ಬಾಗಿಲುಗಳು ಬೇರೆ ಬೇರೆ. ಐಎಚ್‌ಎಂಗಳಲ್ಲಿ ಪದವೀಧರರಿಗೆಂದೇ ಹೌಸ್‌ಕೀಪಿಂಗ್ ಮತ್ತು ಫ್ರಂಟ್ ಆಫೀಸಿನ ಒಂದೂವರೆ ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ. ನೀನು ಬಂದದ್ದೇ ಆ ಎರಡು ವಿಭಾಗದಿಂದ. ಪ್ರವಾಸದ ಕಡೆಗೆ ಮನಸ್ಸಾದರೆ ಪ್ರವಾಸೋದ್ಯಮ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಐಐಟಿಟಿಎಂನ ಗೋವಾ ಕೇಂದ್ರ ಇದೆ.

ಈಗ ನನ್ನ ಮುಖ್ಯ ಮಾತು. ನಮ್ಮ ಕರಾವಳಿಯ ಹೋಟೆಲ್ ಕೆಲಸಕ್ಕೆ ಬೇರೆ ಊರಿಗಿಲ್ಲದ ಒಂದು ಅನುಕೂಲ ಇದೆ, ಅದನ್ನು ನಾವೆಲ್ಲ ಶಾಪ ಅಂತ ತಿಳಿದು ಕೂತಿದ್ದೇವೆ. ಜೂನ್ ಬಂದರೆ ಕಡಲು ಕೆರಳುತ್ತದೆ. ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಮೀನಿಗೆ ಹೋಗುವಂತಿಲ್ಲ, ಮೆನುವಿನಲ್ಲಿ ಇಸೋಣ ಮೀನು ಇದ್ದರೂ ತಟ್ಟೆಗೆ ಬರುವುದು ಫ್ರೀಜರಿನದ್ದು. ಓಂ ಬೀಚಿನ ದಾರಿ ಖಾಲಿ. ರೆಸಾರ್ಟಿನವರು ಅರ್ಧ ಜನರನ್ನು ಮನೆಗೆ ಕಳಿಸುತ್ತಾರೆ, ಕೆಲವರು ಸಂಬಳವನ್ನೂ ಅರ್ಧ ಮಾಡುತ್ತಾರೆ. ನಿಮ್ಮಲ್ಲಿ ಹುಡುಗರು ಆ ನಾಲ್ಕು ತಿಂಗಳು ಏನು ಮಾಡುತ್ತಾರೆ? ಮೊಬೈಲು, ಗದ್ದೆ ಕೆಲಸ, ಮದುವೆ ಮನೆಯ ಬಡಿಸುವಿಕೆ. ವರ್ಷಕ್ಕೆ ನಾಲ್ಕು ತಿಂಗಳು ಅಂದರೆ ಮೂರು ವರ್ಷಕ್ಕೆ ಹನ್ನೆರಡು ತಿಂಗಳು. ಬೆಂಗಳೂರಿನ ಹೋಟೆಲಿನ ಹುಡುಗನಿಗೆ ಇಷ್ಟು ಬಿಡುವು ಕನಸಿನಲ್ಲೂ ಇಲ್ಲ.

ಮಳೆಗೆ ಇನ್ನು ಎರಡು ತಿಂಗಳು ಚಿಲ್ಲರೆ ಇದೆ. ಈ ವರ್ಷದ ಮಳೆಗಾಲ ರೆಸಾರ್ಟಿನಲ್ಲೇ ಇರು, ಆದರೆ ಫ್ರಂಟ್ ಆಫೀಸಿನಲ್ಲಿ ನೊಣ ಹೊಡೆಯುತ್ತಾ ಅಲ್ಲ. ಮ್ಯಾನೇಜರ ಹತ್ತಿರ ಹೋಗಿ, "ಹದಿನೈದು ದಿನ ಲಾಂಡ್ರಿ, ಹದಿನೈದು ದಿನ ಸ್ಟೋರು, ಹದಿನೈದು ದಿನ ಅಕೌಂಟ್ಸ್, ಸಂಬಳ ಇದ್ದಷ್ಟೇ ಸಾಕು" ಅಂತ ಕೇಳು. ಯಾವ ಮ್ಯಾನೇಜರೂ ಬೇಡ ಅನ್ನುವುದಿಲ್ಲ, ಬಿಟ್ಟಿ ಕೈ ಯಾರಿಗೆ ಬೇಡ?

ಲಾಂಡ್ರಿಯನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ನಾನು ಹೌಸ್‌ಕೀಪಿಂಗ್‌ನವಳು, ನನ್ನ ಪಕ್ಷಪಾತ ಅಂತಲೂ ಅನ್ನು, ಅಡ್ಡಿಲ್ಲ. ಪುಸ್ತಕ ಹೇಳುವುದು ಲಿನನ್ ಮೂರು ಪಾರ್ ಇರಬೇಕು ಅಂತ: ಒಂದು ಸೆಟ್ ಹಾಸಿಗೆಯ ಮೇಲೆ, ಒಂದು ಒಗೆಯುವಲ್ಲಿ, ಒಂದು ಕಪಾಟಿನಲ್ಲಿ. 20 ಹಾಸಿಗೆಗೆ 60 ಚಾದರ. ಆದರೆ ಪುಸ್ತಕ ಬರೆದವನು ನಮ್ಮ ಆಷಾಢ ನೋಡಿರಲಿಕ್ಕಿಲ್ಲ. ಡ್ರೈಯರ್ ಇಲ್ಲದ ಕಡೆ, ಅಥವಾ ಇದ್ದರೂ ಗಾಳಿಮಳೆಗೆ ಕರೆಂಟು ಹೋಗಿ ಜನರೇಟರಿಗೆ ಡೀಸೆಲ್ ಉಳಿಸುವ ಕಡೆ, ತಗಡಿನ ಮಾಡಿನ ಕೆಳಗೆ ಹಗ್ಗಕ್ಕೆ ಹಾಕಿದ ಚಾದರ ಎರಡು ದಿನವಾದರೂ ತಣ್ಣಗೇ ಇರುತ್ತದೆ. ಮುಟ್ಟಿದರೆ ಒಣಗಿದ ಹಾಗೆ, ಮಡಚಿ ಕಪಾಟಿನಲ್ಲಿಟ್ಟರೆ ಮರುದಿನ ಮುಗ್ಗಲು ವಾಸನೆ. ಅಲ್ಲಿ ನಾಲ್ಕನೇ ಪಾರ್ ಬೇಕು. ಇಪ್ಪತ್ತು ಚಾದರ ಹೆಚ್ಚಿಗೆ ಕೊಳ್ಳಿಸಬೇಕು ಅಂದರೆ ಮಾಲೀಕರು "ಯಾಕೆ?" ಅನ್ನುತ್ತಾರೆ. ಆಗ ಜೂನ್‌ನಿಂದ ಎಷ್ಟು ಅತಿಥಿಗಳು ವಾಸನೆ ಅಂತ ಬರೆದಿದ್ದಾರೆ, ಎಷ್ಟು ಸಲ ರೂಮು ಬದಲಿಸಿ ಕೊಡಬೇಕಾಯಿತು, ಎಷ್ಟು ಬಾಡಿಗೆ ಬಿಡಬೇಕಾಯಿತು ಅಂತ ಒಂದು ಪುಟದಲ್ಲಿ ಅಂಕಿ ಇಟ್ಟು ತೋರಿಸು. ಆ ಒಂದು ಪುಟ ನಿನ್ನ ಮೊದಲ ಪ್ರಾಜೆಕ್ಟ್ ರಿಪೋರ್ಟ್. ಕಾಲೇಜಿನವರು ಮಾಡುವ ರಿಪೋರ್ಟುಗಳಲ್ಲಿ ಅರ್ಧ ಹಳೆಯದರ ನಕಲು, ನಿನ್ನದು ಹಾಗಿರುವುದಿಲ್ಲ.

ಸಂಜೆ ಹೊತ್ತು ದಿನಕ್ಕೊಂದು ದೂರಿಗೆ ಉತ್ತರ ಬರೆದು ಅಭ್ಯಾಸ ಮಾಡು. ಆನ್‌ಲೈನಿನಲ್ಲಿ ನಿಮ್ಮ ರೆಸಾರ್ಟಿನ ಬಗ್ಗೆ ಜನ ಬರೆದದ್ದನ್ನೇ ತೆಗೆದುಕೊ. "ಟವೆಲ್ ಒದ್ದೆ ಇತ್ತು, ರೂಮು ಹಸಿ ವಾಸನೆ" ಅಂತ ಒಬ್ಬರು ಬರೆದಿದ್ದಾರೆ ಅನ್ನು. ಎಲ್ಲ ಕಡೆ ಕೊಡುವ ಉತ್ತರ "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ". ಅದು ಉತ್ತರವೇ ಅಲ್ಲ. ಏನು ತಪ್ಪಾಯಿತು, ಅದಕ್ಕೆ ಏನು ಮಾಡಿದ್ದೇವೆ, ಮತ್ತೆ ಬಂದರೆ ಯಾರನ್ನು ಕೇಳಬೇಕು, ಇಷ್ಟೇ ಮೂರು ವಾಕ್ಯ. ಮೊದಲು ಕನ್ನಡದಲ್ಲಿ ಬರೆ, ಆಮೇಲೆ ಇಂಗ್ಲಿಷಿನಲ್ಲಿ. ನೂರು ಉತ್ತರ ಬರೆದ ಹೊತ್ತಿಗೆ ನಿನ್ನ ಇಂಗ್ಲಿಷಿನ ಭಯ ಕಾಲು ಭಾಗಕ್ಕೆ ಇಳಿದಿರುತ್ತದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಹಾಕುವುದಾದರೆ ಅದರ ನಂತರ ಹಾಕು.

ಇದೇ ಮಳೆಗಾಲದಲ್ಲಿ ಎರಡು ಸಣ್ಣ ಕಾಗದ ಮಾಡಿಸಿಕೊಳ್ಳಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ ಫೋಸ್ಟ್ಯಾಕ್ ತರಬೇತಿ ಒಂದೇ ದಿನದ್ದು. 25 ಜನ ಆಹಾರ ಮುಟ್ಟುವ ಕಡೆ ಇಂಥ ತರಬೇತಿ ಪಡೆದ ಮೇಲ್ವಿಚಾರಕ ಒಬ್ಬನಾದರೂ ಇರಬೇಕು ಅಂತ ಪ್ರಾಧಿಕಾರ ಹೇಳುತ್ತದೆ, ಹಾಗಾಗಿ ಮಾಲೀಕರೇ ಶುಲ್ಕ ಕಟ್ಟಿದರೂ ಆಶ್ಚರ್ಯವಿಲ್ಲ. ಇನ್ನೊಂದು, ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ. ಪ್ರವಾಸೋದ್ಯಮ ಮತ್ತು ಆತಿಥ್ಯ ಕೌಶಲ ಮಂಡಳಿಯ ಕೆಳಗೆ ಫ್ರಂಟ್ ಆಫೀಸಿನದ್ದೂ ಇದೆ, ಹೌಸ್‌ಕೀಪಿಂಗಿನದ್ದೂ ಇದೆ. ಇದು ಡಿಗ್ರಿಗೆ ಸಮ ಅಂತ ಯಾರಾದರೂ ಹೇಳಿದರೆ ನಂಬಬೇಡ. ಆದರೆ ನಾಲ್ಕು ವರ್ಷ ನೀನು ಮಾಡಿದ ಕೆಲಸಕ್ಕೆ ಸರ್ಕಾರದ ಒಂದು ಮೊಹರು ಬಿದ್ದ ಹಾಗಾಗುತ್ತದೆ.

ಎರಡನೇ ಮಳೆಗಾಲಕ್ಕೆ ಊರು ಬಿಡು. ನಮ್ಮಲ್ಲಿ ಜುಲೈ ಖಾಲಿ, ಹುಬ್ಬಳ್ಳಿ-ಬೆಂಗಳೂರಿನ ಬಿಸಿನೆಸ್ ಹೋಟೆಲುಗಳಿಗೆ ಮಳೆಗಾಲ ಅಂತ ಏನೂ ಇಲ್ಲ. ಎರಡು ತಿಂಗಳ ರಜೆ ಪಡೆದು ಅಲ್ಲಿ ಕೆಲಸಕ್ಕೆ ಸೇರು, ಸಂಬಳ ಕಡಿಮೆಯಾದರೂ ಸರಿ. ರಾತ್ರಿ ಎರಡು ಗಂಟೆಗೆ ವಿಮಾನ ಇಳಿದು ಬಂದವನಿಗೆ ಎರಡು ನಿಮಿಷದಲ್ಲಿ ಚೆಕ್-ಇನ್ ಮಾಡಿಕೊಡುವುದು, ಕಂಪನಿ ಬಿಲ್ಲು, ನೈಟ್ ಆಡಿಟ್, ನೂರು ಜನರ ಕಾನ್ಫರೆನ್ಸಿನ ನಡುವೆ ಲಿಫ್ಟು ಕೆಟ್ಟರೆ ಏನು ಮಾಡಬೇಕು, ಇದೆಲ್ಲ ಕಡಲ ಬದಿಯಲ್ಲಿ ಕೂತು ಬರುವುದಿಲ್ಲ. ನೀರು ನಿನಗೆ ಪ್ರೀತಿಯಾದರೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಕರ ತರಬೇತಿ, ಪವರ್‌ಬೋಟ್ ನಡೆಸುವ ತರಬೇತಿ ಕೊಡುತ್ತಾರೆ. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಬಂತು. ಆ ಬಾವುಟ ಹಾರಲು 33 ಷರತ್ತು ಪೂರೈಸಬೇಕು, ಅದರಲ್ಲಿ ಜೀವರಕ್ಷಕರು, ಪ್ರಥಮ ಚಿಕಿತ್ಸೆ ಎಲ್ಲ ಸೇರಿದೆ. ಇಂಥ ಕೆಲಸಕ್ಕೆ ಈಜು ಬಲ್ಲ ಅಂಕೋಲೆ, ಕುಮಟೆಯ ಹುಡುಗರಿಗಿಂತ ಯೋಗ್ಯರು ಯಾರು?

ಒಂದು ನನ್ನ ಸ್ವಂತ ಕಥೆ ಹೇಳಬೇಕು, ಹೇಳದಿದ್ದರೆ ನಾನು ಹುಟ್ಟುವಾಗಲೇ ಎಲ್ಲ ಕಲಿತು ಬಂದೆ ಅಂದುಕೊಂಡೀಯೆ. ನಾನು ಕುಮಟೆಯವಳು. ಈ ಕಸುಬಿಗೆ ಬಂದಾಗ ಕೊಂಕಣ ರೈಲು ಇನ್ನೂ ಪೂರ್ತಿ ಓಡುತ್ತಿರಲಿಲ್ಲ, ಅದು 1998ರ ಮಾತು. "ಹುಡುಗಿ ಹೋಟೆಲಿಗೆ ಹೋಗ್ತದಂತೆ, ಲೋಟ ತೊಳೆಯಲಿಕ್ಕಾ?" ಅಂತ ನೆಂಟರು ನಕ್ಕರು. ಕೆಲ ವರ್ಷದ ನಂತರ ಗೋಕರ್ಣದ ಒಂದು ಲಾಡ್ಜಿನಲ್ಲಿ ಫ್ರಂಟ್ ಆಫೀಸು ನೋಡಿಕೊಳ್ಳಲು ಹೇಳಿದರು. ಬುಕಿಂಗಿಗೆ ಎರಡು ಪುಸ್ತಕ: ಒಂದು ಫೋನಿನ ಪಕ್ಕ, ಒಂದು ಮಾಲೀಕರ ಮನೆಯಲ್ಲಿ. ಶಿವರಾತ್ರಿಯ ರಾತ್ರಿ, ತೇರಿನ ವಾರ, ಊರಲ್ಲಿ ಕಾಲಿಡಲು ಜಾಗವಿಲ್ಲ. ಹನ್ನೊಂದು ಗಂಟೆಗೆ ಹುಬ್ಬಳ್ಳಿಯಿಂದ ಆರು ಜನರ ಸಂಸಾರ ಬಂತು, ಕೈಯಲ್ಲಿ ಮುಂಗಡ ಕೊಟ್ಟ ಚೀಟಿ. ಅವರ ರೂಮನ್ನು ಸಂಜೆಯೇ ಬೇರೆಯವರಿಗೆ ಕೊಟ್ಟವಳು ನಾನೇ. ಎರಡನೇ ಪುಸ್ತಕ ನೋಡಿರಲಿಲ್ಲ. ಅಜ್ಜಿಗೆ ನನ್ನ ಕೋಣೆ ಬಿಟ್ಟುಕೊಟ್ಟು ಉಳಿದವರನ್ನು ಊಟದ ಹಾಲಿನಲ್ಲಿ ಮಲಗಿಸಿದೆ. ಆ ಮನೆಯ ಯಜಮಾನರು ಒಂದು ಮಾತೂ ಬೈಯಲಿಲ್ಲ, ಬೆಳಿಗ್ಗೆ ಚೀಟಿಯನ್ನು ಕೌಂಟರಿನ ಮೇಲೆ ಇಟ್ಟು ಹೋದರು. ಬೈದಿದ್ದರೇ ವಾಸಿಯಿತ್ತು. ಅವತ್ತೇ ಎರಡು ಪುಸ್ತಕ ಒಂದು ಮಾಡಿಸಿದೆ, ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಬರೆದು ಸಹಿ ಹಾಕುವ ಪದ್ಧತಿ ತಂದೆ. ಯಾವ ಕಾಲೇಜಿನಲ್ಲಾದರೂ ಅದನ್ನು ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಡುತ್ತಾರೆ. ಕಾಲೇಜಿನಿಂದ ಆಗುವ ಲಾಭ ಅಂದರೆ ಇದು: ತಪ್ಪು ಮಾಡದೆಯೇ ಕಲಿಯಬಹುದು. ಆ ಹುಡುಗನ ಹತ್ತಿರ ಇಂಥವು ಬೇಕಾದಷ್ಟು ಇವೆ. ಅವನ ನೋಟ್ಸ್ ಕೇಳು, ಬದಲಿಗೆ ಕಡಲಿನದ್ದು ನೀನು ಹೇಳಿಕೊಡು. ಸರ್ ಅನ್ನಲು ನಾಲಿಗೆ ಹೊರಳದಿದ್ದರೆ ಹೆಸರು ಹಿಡಿದೇ ಕರೆ, ಆದರೆ ನೋಟ್ಸ್ ಬಿಡಬೇಡ.

ಫ್ರಂಟ್ ಆಫೀಸಿನಲ್ಲಿರುವವನಿಗೆ ಊರು ಗೊತ್ತಿರಬೇಕು. ನಿನ್ನ ಊರಿನ ಬಗ್ಗೆ ಅತಿಥಿ ಕೇಳಿದರೆ 1930ರ ಉಪ್ಪಿನ ಸತ್ಯಾಗ್ರಹದ ಬಗ್ಗೆ ಎರಡು ಮಾತು ಹೇಳಲು ಬರುತ್ತದೆಯೇ? ಅಂಕೋಲೆಯ ಕರಿ ಇಶಾಡು ಮಾವಿಗೆ ಜಿಐ (ಭೌಗೋಳಿಕ ಗುರುತು) ಸಿಕ್ಕಿದ್ದು, ಅದು ಮೇ ತಿಂಗಳಲ್ಲಿ ಎಲ್ಲಿ ಸಿಗುತ್ತದೆ, ಮಿರ್ಜಾನ್ ಕೋಟೆಗೆ ಯಾವ ಹೊತ್ತಿಗೆ ಹೋದರೆ ಬಿಸಿಲು ತಾಗುವುದಿಲ್ಲ, ಯಾಣಕ್ಕೆ ಮಳೆಯಲ್ಲಿ ಜಿಗಣೆ ಕಾಟ ಎಷ್ಟು, ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ಈ ಸಲವೋ ಮುಂದಿನ ಸಲವೋ, ಇವೆಲ್ಲ ನಿನ್ನ ನಾಲಿಗೆ ತುದಿಯಲ್ಲಿರಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಇದಕ್ಕೆಂದೇ ಆನ್‌ಲೈನಿನಲ್ಲಿ ಟೂರಿಸ್ಟ್ ಫೆಸಿಲಿಟೇಟರ್ ಕೋರ್ಸು ನಡೆಸುತ್ತದೆ. ಬಿಡುವಿದ್ದಾಗ ಮಾಡು.

ವಿದೇಶಿ ಅತಿಥಿಗಳ ವಿವರ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕಲ್ಲ, ನಾವು ಸಿ ಫಾರ್ಮ್ ಅಂತ ಕರೆಯುತ್ತಾ ಬಂದದ್ದು, ಅದನ್ನು ನಿಮ್ಮಲ್ಲಿ ಯಾರು ಮಾಡುತ್ತಾರೆ? ನೀನೇ ಆಗಿರಲಿ. ಗೋಕರ್ಣದಲ್ಲಿ ಅದನ್ನು ತಪ್ಪಿಲ್ಲದೆ ಮಾಡುವವನನ್ನು ಯಾವ ಮಾಲೀಕನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಆಯಿಯ ಮಾತಿಗೂ ಉತ್ತರ ಹೇಳಬೇಕು. ಎರಡು ಕೋಣೆ ಹೋಮ್‌ಸ್ಟೇಗೆ ಧಾರಾಳ, ಕೇಂದ್ರದ ಯೋಜನೆಯಲ್ಲಿ ಒಂದರಿಂದ ಆರು ಕೋಣೆಯವರೆಗೆ ಹೋಮ್‌ಸ್ಟೇ ಅನ್ನುತ್ತಾರೆ. ಮನೆಯವರು ಅಲ್ಲೇ ವಾಸವಿರಬೇಕು ಎಂಬುದು ಮುಖ್ಯ ಷರತ್ತು. ಊಟ ಹಾಕುವುದಾದರೆ ಆಹಾರ ಪ್ರಾಧಿಕಾರದ ನೋಂದಣಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಇವು ಕಷ್ಟವಲ್ಲ. ಆದರೆ ನೀನು ಗೋಕರ್ಣದಲ್ಲಿ, ಮನೆ ಅಂಕೋಲೆಯಲ್ಲಿ. ಬೆಳಿಗ್ಗೆ ಆರಕ್ಕೆ ಚಹಾ ಇಡುವವರು ಯಾರು, ಬಂದವರ ಚಾದರ ಒಗೆಯುವವರು ಯಾರು, ರಾತ್ರಿ ಕುಡಿದು ಬಂದವನಿಗೆ ಬಾಗಿಲು ತೆಗೆಯುವವರು ಯಾರು? ಆಯಿಯೇ. ಅವಳು ಅದನ್ನೆಲ್ಲ ಯೋಚಿಸಿ ಹೇಳಿದಳೋ, ಮಗ ಮನೆ ಹತ್ತಿರ ಇರಲಿ ಅಂತ ಹೇಳಿದಳೋ, ಕೇಳಿ ನೋಡು. ನಮ್ಮ ಕಡೆ ನೆಂಟರು ಬಂದರೆ ಕಾಲಿಗೆ ನೀರು, ಆಮೇಲೆ "ಆಸರಿಗೆ ಎಂತ ಬೇಕು?" ಅಂತ ಬೆಲ್ಲ-ನೀರು. ಆ ಗುಣ ಆಯಿಗೆ ಹುಟ್ಟಿನಿಂದಲೇ ಬಂದಿದೆ, ಅದಕ್ಕೆ ತರಬೇತಿ ಬೇಡ. ಬೇಕಾಗಿರುವುದು ದರ ಹಾಕುವುದು, ಬೇಡದ ಬುಕಿಂಗನ್ನು ಬೇಡ ಅನ್ನುವುದು. ಅದು ನಿನಗೇ ಇನ್ನೂ ಬರುವುದಿಲ್ಲ. ಮೂರನೇ ಮಳೆಗಾಲ ಮುಗಿದ ಮೇಲೆ ಈ ಕೋಣೆಗಳ ಮಾತು ಆಡುವ.

ಕೊನೆಗೆ ಒಂದು ಕೆಲಸ ಈ ವಾರವೇ ಆಗಬೇಕು. ನಿನ್ನ ಪಿಎಫ್ ಪಾಸ್‌ಬುಕ್ ತೆಗೆದು ನೋಡು. 20 ಜನ ದುಡಿಯುವ ಕಡೆ ಪಿಎಫ್ ಇರಲೇಬೇಕು. ನಾಲ್ಕೂ ವರ್ಷ ಜಮಾ ಆಗಿದೆಯೋ, ಸೇರಿದ ತಾರೀಕು ಸರಿ ಇದೆಯೋ, ಹೆಸರಿನ ಸ್ಪೆಲ್ಲಿಂಗ್ ಆಧಾರಿನಂತೆಯೇ ಇದೆಯೋ. ನಾಳೆ ಬೇರೆ ಹೋಟೆಲಿನವರು "ಅನುಭವ ಇದೆ ಅಂತ ಏನು ಸಾಕ್ಷಿ?" ಅಂದರೆ ತೋರಿಸಲು ಅದಕ್ಕಿಂತ ಗಟ್ಟಿಯಾದದ್ದು ಇಲ್ಲ. ಹೌಸ್‌ಕೀಪಿಂಗ್ ಎಷ್ಟು ತಿಂಗಳು, ಫ್ರಂಟ್ ಆಫೀಸ್ ಎಷ್ಟು ತಿಂಗಳು ಅಂತ ಬೇರೆ ಬೇರೆಯಾಗಿ ಬರೆದ ಅನುಭವ ಪತ್ರವನ್ನೂ ಈಗಿನ ಮ್ಯಾನೇಜರ್ ಇರುವಾಗಲೇ ಕೇಳಿಕೊ. ನಮ್ಮ ಲೈನಿನಲ್ಲಿ ಮ್ಯಾನೇಜರುಗಳು ಸೀಸನ್ನಿಗೊಮ್ಮೆ ಬದಲಾಗುತ್ತಾರೆ.

ಮತ್ತೆ ಬರೆಯುವಾಗ ಒಂದು ಲೆಕ್ಕ ಕಳಿಸು. ಮೊನ್ನೆಯ ಶಿವರಾತ್ರಿ ವಾರ ನಿಮ್ಮ ರೆಸಾರ್ಟಿನ ಎಡಿಆರ್ ಎಷ್ಟಿತ್ತು, ಅದರ ಹಿಂದಿನ ವಾರ ಎಷ್ಟಿತ್ತು?